ಕೂದಲಂಚಿನ ಮೊಡವೆ: ಮೊದಲು ತಲೆ ನೋಡಿ, ಆಮೇಲೆ ಮುಖ

ಜೂನ್‌ನಲ್ಲಿ ಮಳೆ ಹಿಡಿದರೆ ಮಡಿಕೇರಿ, ಭಾಗಮಂಡಲದ ಕಡೆ ತಲೆಗೂದಲು ಒಣಗುವುದೇ ಕಷ್ಟ. ಎಣ್ಣೆ ಹಚ್ಚಿದ ಒದ್ದೆ ಕೂದಲು, ಅದರ ಮೇಲೆ ರೇನ್‌ಕೋಟಿನ ಟೋಪಿ, ಇಲ್ಲವೇ ಹೆಲ್ಮೆಟ್. ಹಣೆಯ ಮೇಲಂಚಿನಲ್ಲಿ, ಕಿವಿಯ ಮುಂದೆ ಸಾಲಾಗಿ ಗುಳ್ಳೆ ಏಳುತ್ತವೆ. ಕೂದಲ ಬುಡದ ರಂಧ್ರದಲ್ಲಿ ಚರ್ಮದ ಜಿಡ್ಡು, ಸತ್ತ ಜೀವಕೋಶ ಸೇರಿ ಗಟ್ಟಿಯಾಗುತ್ತವೆ. ತಲೆಯಿಂದ ಇಳಿಯುವ ಕೊಬ್ಬರಿ ಎಣ್ಣೆ, ಕಂಡೀಷನರ್, ಜೆಲ್ ಅದರ ಬಾಯಿ ಮುಚ್ಚುತ್ತವೆ.

ಮೊದಲು ಗುಳ್ಳೆಗಳನ್ನು ಸರಿಯಾಗಿ ನೋಡಿ. ದೊಡ್ಡದು, ಚಿಕ್ಕದು, ಕಪ್ಪು ಮೊನೆ, ಬಿಳಿ ಮೊನೆ ಎಲ್ಲ ಬೆರೆತಿದ್ದರೆ ಅದು ಮೊಡವೆ. ಎಲ್ಲವೂ ಒಂದೇ ಗಾತ್ರದ ಸಣ್ಣ ಗುಳ್ಳೆಗಳಾಗಿ ತುರಿಸುತ್ತಿದ್ದರೆ ಶಿಲೀಂಧ್ರದ ಸೋಂಕು ಇರಬಹುದು. ಅದಕ್ಕೆ ಮೊಡವೆಯ ಆಂಟಿಬಯಾಟಿಕ್ ನುಂಗಿದರೆ ಹೆಚ್ಚುವುದೂ ಉಂಟು. ವೈದ್ಯರಿಗೆ ತೋರಿಸಿ. ತಲೆಹೊಟ್ಟು ಇದ್ದರೆ ಶಿಲೀಂಧ್ರ ತಡೆಯುವ ಕೀಟೋಕೊನಜೋಲ್ 2% ಶಾಂಪೂವನ್ನು ವಾರಕ್ಕೆ ಎರಡು ಸಲ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಿರಿ.

ಎಣ್ಣೆ ಬಿಡಬೇಕಿಲ್ಲ, ಜಾಗ ಬದಲಿಸಿದರೆ ಸಾಕು. ಹಣೆಯಂಚು ಬಿಟ್ಟು ಕೂದಲಿನ ಉದ್ದಕ್ಕಷ್ಟೇ ಸವರಿ, ಸ್ನಾನಕ್ಕೆ ಒಂದು ಗಂಟೆ ಮುಂಚೆ, ರಾತ್ರಿಯಿಡೀ ಬೇಡ. ತಲೆ ಹಿಂದಕ್ಕೆ ಬಾಗಿಸಿ ತೊಳೆಯಿರಿ, ಮುಖ ತೊಳೆಯುವುದು ಕೊನೆಗೆ. ಹೆಚ್ಚಿನವರು ಮುಖ ತೊಳೆದು ಆಮೇಲೆ ಕಂಡೀಷನರ್ ಇಳಿಸುತ್ತಾರೆ, ತೊಳೆದದ್ದು ವ್ಯರ್ಥ. ಒದ್ದೆ ಕೂದಲು ಕಟ್ಟಬೇಡಿ. ಹೆಲ್ಮೆಟ್ ಒಳಗೆ ಹತ್ತಿ ಬಟ್ಟೆ ಇರಲಿ. ಕಾಫಿ ಕೊಯ್ಲಿನ ದಿನಗಳಲ್ಲಿ ತಲೆಗೆ ಕಟ್ಟುವ ವಸ್ತ್ರವನ್ನು ಸಂಜೆಗೇ ಒಗೆಯಿರಿ. ಬೆವರು ಒಣಗಿದ ಬಟ್ಟೆಯನ್ನೇ ಮರುದಿನ ಕಟ್ಟಿದರೆ ಉಜ್ಜಿ ಉಜ್ಜಿ ಗುಳ್ಳೆ ಕೆಂಪಾಗುತ್ತದೆ.

ಇಷ್ಟಕ್ಕೂ ಇಳಿಯದಿದ್ದರೆ ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುವ ಬೆಂಜಾಯ್ಲ್ ಪೆರಾಕ್ಸೈಡ್ 2.5% ಜೆಲ್ ಹಚ್ಚಿ. ಗುಳ್ಳೆಗೊಂದು ಚುಕ್ಕೆ ಇಡುವುದಲ್ಲ, ಅಂಚಿನ ಪಟ್ಟಿಗೆಲ್ಲ ತೆಳ್ಳಗೆ; ಕಣ್ಣಿಗೆ ಕಾಣದ ಗುಳ್ಳೆಗಳೂ ಅಲ್ಲೇ ಹುಟ್ಟುತ್ತಿರುತ್ತವೆ. ದಿಂಬಿನ ಕವರ್, ಬಣ್ಣದ ವಸ್ತ್ರ, ಕೂದಲು ಇದರಿಂದ ಬಣ್ಣ ಬಿಡುತ್ತವೆ, ಜೋಪಾನ. ವೈದ್ಯರು ಅಡಾಪಲೀನ್ 0.1% (ರಂಧ್ರ ಕಟ್ಟದಂತೆ ತಡೆಯುವ ಮುಲಾಮು) ಬರೆದರೆ ಇಡೀ ಮುಖಕ್ಕೆ ಬಟಾಣಿಯಷ್ಟು, ಹಣೆಯಂಚಿಗಷ್ಟೇ ಆದರೆ ಅದಕ್ಕಿಂತ ಕಡಿಮೆ ಸಾಕು. ಮೊದಲ ಎರಡು ವಾರ ದಿನ ಬಿಟ್ಟು ದಿನ ರಾತ್ರಿ ಹಚ್ಚಿ. ಸಿಪ್ಪೆ ಏಳುವುದು ಸಹಜ. ಗರ್ಭಿಣಿಯರಿಗೆ ಇದು ಬೇಡ.

ಹತ್ತು ದಿನಕ್ಕೇ ಕೈಬಿಡುವುದು ದೊಡ್ಡ ತಪ್ಪು. 8ರಿಂದ 12 ವಾರ ಬೇಕು. ಟೂತ್‌ಪೇಸ್ಟ್, ನಿಂಬೆರಸ ಚರ್ಮ ಸುಡುತ್ತವೆ. ಬೆಳ್ಳಗಾಗಲೆಂದು ಮಾರುವ ಸ್ಟೆರಾಯ್ಡ್ ಬೆರೆತ ಕ್ರೀಮುಗಳು ಮೊಡವೆಯನ್ನೇ ಹುಟ್ಟಿಸುತ್ತವೆ. ನೋಯುವ ಗಂಟು, ಕಲೆ, ಗುಳ್ಳೆಯ ಜಾಗದಲ್ಲಿ ಕೂದಲು ಉದುರುವುದು ಕಂಡರೆ 12 ವಾರ ಕಾಯದೆ ಚರ್ಮದ ವೈದ್ಯರ ಬಳಿ ಹೋಗಿ.