ಒಂದು ಜಾಗಕ್ಕೆ ಇಬ್ಬರು: ಸಿ ಡಿವಿಷನ್‌ನಲ್ಲಿ ನಮ್ಮ ಸೀಸನ್

ವಾರದ ನಡುವೆ, ಮಟಮಟ ಮಧ್ಯಾಹ್ನ ಮ್ಯಾಚ್. ಲೆಫ್ಟ್ ಬ್ಯಾಕ್ ಊಟ ಡೆಲಿವರಿ ಮಾಡುವ ಹುಡುಗ, ಸ್ಟ್ರೈಕರ್ ಪೇಂಟಿಂಗ್ ಕೆಲಸದವನು, ಮಿಡ್‌ಫೀಲ್ಡ್‌ನವನಿಗೆ ಕಾಲೇಜಲ್ಲಿ ಇಂಟರ್ನಲ್ಸ್. ಬೆಂಗಳೂರಿನ ಫುಟ್‌ಬಾಲ್ ಲೀಗಿನ ಸಿ ಡಿವಿಷನ್‌ನಲ್ಲಿ ಟೀಮ್ ನಡೆಸಿದವರಿಗೆ ಈ ಪಾಡು ಗೊತ್ತೇ ಇದೆ. ಮ್ಯಾಗ್ರತ್ ರಸ್ತೆಯ ಸ್ಟೇಡಿಯಂಗೆ ಆಡಲು ಬೇಕಾದ ಕನಿಷ್ಠ ಏಳು ಜನವೂ ಬಾರದೆ ಒಂದು ಸಲ ಆಡದೆಯೇ ಸೋತು ವಾಕ್‌ಓವರ್ ಕೊಟ್ಟೆವು. ಇನ್ನೊಂದು ಸಲ ಒಂಬತ್ತೇ ಜನ ಆಡಿ ಗೋಲಿನ ಮೇಲೆ ಗೋಲು ತಿಂದೆವು.

ಹೊರಗಿನವರನ್ನು ಕರೆಸಿ ಅಂತ ಎಲ್ಲರೂ ಹೇಳಿದರು. ಅದನ್ನೂ ಮಾಡಿ ನೋಡಿದೆವು. ತಲೆಗೆ ಮ್ಯಾಚಿಗೆ 1000ದಿಂದ 1500, ಮೇಲೆ ಆಟೋ ಖರ್ಚು. ಆ ಸೀಸನ್ನಿಗೆ 35 ಸಾವಿರದ ಹತ್ತಿರ ಹೋಯಿತು. ಪ್ರಾಕ್ಟೀಸಿಗೆ ಅವರು ಬರುತ್ತಿರಲಿಲ್ಲ. ಬೆಂಚಿನಲ್ಲಿ ಕೂತು ಬೇಜಾರಾದ ನಮ್ಮ ಹುಡುಗರು ಬರುವುದನ್ನೇ ಬಿಟ್ಟರು.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತಲ್ಲ, 54 ವರ್ಷದ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಬಂತಲ್ಲ, ಆಮೇಲೆ ನಮ್ಮ ಮಣ್ಣಿನ ಮೈದಾನಕ್ಕೂ ಹುಡುಗರು ಜಾಸ್ತಿ ಬರತೊಡಗಿದರು. ಆಗ ಹೊಳೆದದ್ದು ಜೋಡಿ ಲೆಕ್ಕ. ಪ್ರತಿ ಜಾಗಕ್ಕೂ ಇಬ್ಬರು, ಇಬ್ಬರದ್ದೂ ಸಿಆರ್‌ಎಸ್‌ನಲ್ಲಿ, ಅಂದರೆ ಫುಟ್‌ಬಾಲ್ ಫೆಡರೇಶನ್ನಿನ ಆನ್‌ಲೈನ್ ಪಟ್ಟಿಯಲ್ಲಿ, ನೋಂದಣಿ. ಬೆಳಗಿನ ಪಾಳಿಯವನ ಜೊತೆ ರಾತ್ರಿ ಪಾಳಿಯವನು. ಮ್ಯಾಚಿನ ಹಿಂದಿನ ಸಂಜೆ ಯಾರು ಬರುತ್ತಾರೆ ಅಂತ ಅವರವರೇ ಮಾತಾಡಿಕೊಳ್ಳಬೇಕು, ನನಗೆ ಫೋನ್ ಮಾಡುವ ಹಾಗಿಲ್ಲ. ಇಬ್ಬರೂ ಕೈಕೊಟ್ಟರೆ ಮುಂದಿನ ಮ್ಯಾಚಿಗೆ ಇಬ್ಬರೂ ಇಲ್ಲ.

ಆಸ್ಟಿನ್ ಟೌನ್ ಕಡೆಯ ಒಬ್ಬ ಹಳೆಯ ಕೋಚ್, ‘ಹನ್ನೊಂದು ಜನ ಗಟ್ಟಿಯಾಗಿ ನಿಲ್ಲದ ಟೀಮು ಟೀಮೇ ಅಲ್ಲ ಕಣಪ್ಪ’ ಅಂದರು. ಮೊದಲ ಕೆಲವು ಮ್ಯಾಚಲ್ಲಿ ಅವರ ಮಾತೇ ನಿಜ ಅನಿಸಿತು. ಕೃತಕ ಹುಲ್ಲಿನ ಟರ್ಫ್ ಮೇಲೆ ಚೆಂಡು ಎತ್ತರಕ್ಕೆ ಪುಟಿಯಿತು. ಗೋಲಿನ ಮುಂದೆ ನಡುವೆ ನಿಲ್ಲುವ ಇಬ್ಬರು ಸೆಂಟರ್ ಬ್ಯಾಕ್‌ಗಳು ಅವನು ಹೋಗಲಿ ಅಂತ ಇವನು, ಇವನು ಹೋಗಲಿ ಅಂತ ಅವನು ನಿಂತರು. ನಡುವೆ ನುಗ್ಗಿದ ಸ್ಟ್ರೈಕರ್ ಕಾಲ ತುದಿಯಲ್ಲಿ ತಳ್ಳಿದ, ಗೋಲ್. ಅವರಿಬ್ಬರೂ ಒಟ್ಟಿಗೆ ಪ್ರಾಕ್ಟೀಸೇ ಮಾಡಿರಲಿಲ್ಲ. ಅಂದಿನಿಂದ ಸೆಂಟರ್ ಬ್ಯಾಕ್ ಮಾತ್ರ ಒಬ್ಬೊಬ್ಬರಾಗಿ ಬದಲಾಗುವುದಿಲ್ಲ. ಆಡಿದರೆ ಇಬ್ಬರೂ, ಬಿಟ್ಟರೆ ಇಬ್ಬರೂ. ಆ ಎರಡು ಜಾಗದ ನಾಲ್ವರನ್ನು ಹೇಗೆ ಜೋಡಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನೋಂದಣಿ ಖರ್ಚು ಹೆಚ್ಚಾಯಿತು ನಿಜ. ಆದರೆ ಜೆರ್ಸಿ ನಂಬರ್ ಜಾಗಕ್ಕೆ ಕೊಟ್ಟೆವು, ಹುಡುಗನಿಗಲ್ಲ. 3ನೇ ನಂಬರಿನದು ಒಂದೇ ಜೆರ್ಸಿ. ಆಡಿದವನು ಒಗೆದು ಜೋಡಿಯವನಿಗೆ ಕೊಡಬೇಕು. ಹಾಗಾಗಿ ಒಂದೊಂದು ಸುಮಾರು 300 ರೂಪಾಯಿಯ ಜೆರ್ಸಿಗಳ ಒಂದೇ ಸೆಟ್ ಸಾಕಾಯಿತು. ಹೊರಗಿನವರಿಗೆ ಹೋಗುತ್ತಿದ್ದ ದುಡ್ಡಲ್ಲಿ ಪ್ರಾಕ್ಟೀಸ್ ಆದಮೇಲೆ ತಲಾ ಎರಡು ಮೊಟ್ಟೆ, ಒಂದು ಬಾಳೆಹಣ್ಣು. ಟರ್ಫ್ ಅಭ್ಯಾಸಕ್ಕೆ ರಾತ್ರಿ ಹತ್ತರ ಮೇಲಿನ ಸ್ಲಾಟ್ ಹಿಡಿದೆವು, ಸಂಜೆಯ ರೇಟಿನ ಹೆಚ್ಚುಕಮ್ಮಿ ಅರ್ಧ.

ನಡುವೆ ಹಾಫ್ ಟೈಮಲ್ಲಿ ಗ್ಲೂಕೋಸ್ ಬದಲು ರಾಗಿ ಅಂಬಲಿ ಕೊಟ್ಟು ನೋಡಿದೆ. ಹೊಟ್ಟೆ ಭಾರವಾಗಿ ಓಡಲಾಗಲಿಲ್ಲ. ಮ್ಯಾಚಿಗೆ ಎರಡು ಗಂಟೆ ಮುಂಚೆ ಕೊಟ್ಟರೆ ಚೆನ್ನಾಗಿ ನಿಲ್ಲುತ್ತದೆ, ಈಗಲೂ ಕೊಡುತ್ತೇವೆ. ಬಿಸಿಲಿಗೆ ಟರ್ಫ್ ಕಾದು ಅಂಗಾಲು ಸುಡುತ್ತದಲ್ಲ, ಅದಕ್ಕೆ ಎರಡೆರಡು ಸಾಕ್ಸ್ ಹಾಕಿಸಿದೆ. ಬೂಟಿನೊಳಗೆ ಕಾಲು ಜಾರಿ ಬೊಬ್ಬೆ ಎದ್ದವು, ಅಲ್ಲಿಗೇ ಬಿಟ್ಟೆ.

ಸೀಸನ್ ಮುಗಿಯುವ ಹೊತ್ತಿಗೆ ಒಂದೂ ವಾಕ್‌ಓವರ್ ಇರಲಿಲ್ಲ. ಬೇರೆ ಟೀಮುಗಳು ಹನ್ನೊಂದು ಜನಕ್ಕೆ ಒದ್ದಾಡುತ್ತಿದ್ದ ದಿನಗಳಲ್ಲಿ ನಮ್ಮ ಹನ್ನೊಂದು ಜಾಗವೂ ತುಂಬಿರುತ್ತಿತ್ತು. ಕೊನೆಯ ಇಪ್ಪತ್ತು ನಿಮಿಷದಲ್ಲಿ ನಮ್ಮಷ್ಟು ಓಡಿದ ಟೀಮು ನಮ್ಮ ಗುಂಪಿನಲ್ಲಿ ಇರಲಿಲ್ಲ, ಗೋಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದದ್ದೂ ಆಗಲೇ. ಕಾರ್ನರ್‌ನಿಂದಲೂ ನಾಲ್ಕೈದು ಬಂದವು. ಆ ಕಾರ್ನರ್ ಹೇಗೆ ಅಂತ ಬಹಳ ಜನ ಕೇಳಿದ್ದಾರೆ, ಸದ್ಯಕ್ಕೆ ಹೇಳುವುದಿಲ್ಲ. ಬಿ ಡಿವಿಷನ್‌ಗೆ ಏರಿದ್ದೇವೆ, ಅಲ್ಲೂ ಬೇಕು. ಆ ಹಳೆಯ ಕೋಚ್ ಈಗ ಶನಿವಾರ ಬಂದು ನಮ್ಮ ಡಿಫೆನ್ಸ್ ನೋಡಿಕೊಳ್ಳುತ್ತಾರೆ. ಲೆಫ್ಟ್ ವಿಂಗಿನ ಜೋಡಿ ಮಾತ್ರ ಇನ್ನೂ ಪೂರ್ತಿಯಾಗಿಲ್ಲ. ಮಧ್ಯಾಹ್ನ ಬಿಡುವಿರುವ ಎಡಗಾಲಿನ ಹುಡುಗ ಬೇಕು.