ಹೆಸರಿರುವ ರೈಲು, ಕಿಟಕಿ ಇಳಿಯುವ ರೈಲು: ಸ್ವಿಟ್ಜರ್ಲೆಂಡಿಗೆ ಹೊಸದಾಗಿ ಬಂದವರಿಗೆ

ಊರಿಂದ ಅಪ್ಪ ಅಮ್ಮ ಬರ್ತಾರೆ ಅಂದ ತಕ್ಷಣ ಇಲ್ಲಿನ ಕನ್ನಡದವರು ಮಾಡುವ ಮೊದಲ ಕೆಲಸ ಗ್ಲೇಸಿಯರ್ ಎಕ್ಸ್‌ಪ್ರೆಸ್ ಟಿಕೆಟ್ ಹುಡುಕುವುದು. ನಾನೂ ಹುಡುಕಿದ್ದೆ. ಆ ಬೇಸಿಗೆಯಲ್ಲಿ ಮಾಡಿದ ತಪ್ಪು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ. ಅದನ್ನು ನೀವೂ ಮಾಡಬೇಡಿ ಅಂತ ಬರೆಯುತ್ತಿದ್ದೇನೆ.

ನಮಗೆ ಹೆಸರಿದ್ದರೆ ಅದು ಒಳ್ಳೆಯ ರೈಲು. ರಾಣಿ ಚೆನ್ನಮ್ಮ, ಗೋಲಗುಂಬಜ್, ಹಂಪಿ, ಕಾವೇರಿ. 'ಚಾಮುಂಡಿಗೆ ಬರ್ತೀನಿ', 'ಉದ್ಯಾನ್ ಲೇಟಂತೆ' ಅಂತ ಮನೆಯವರ ಸುದ್ದಿ ಹೇಳುವ ಹಾಗೆ ಹೇಳುತ್ತೇವೆ. ಎಕ್ಸ್‌ಪ್ರೆಸ್ ಅಂದರೆ ಬೇಗ ಮುಟ್ಟಿಸುವುದು. ಈ ಲೆಕ್ಕ ಇಲ್ಲಿ ನಡೆಯಲ್ಲ. ಜರ್ಮಾಟ್‌ನಿಂದ ಸೇಂಟ್ ಮೊರಿಟ್ಸ್‌ಗೆ 291 ಕಿ.ಮೀ. ಗ್ಲೇಸಿಯರ್ ಎಕ್ಸ್‌ಪ್ರೆಸ್‌ಗೆ ಅಷ್ಟು ಹೋಗಲು ಸುಮಾರು 8 ಗಂಟೆ ಬೇಕು. ನೋಡುತ್ತಾ ನಿಧಾನವಾಗಿ ಹೋಗುವುದಕ್ಕೇ ಇರುವ ರೈಲು ಅದು.

ಇನ್ನೊಂದು ವಿಷಯ ನನಗೆ ಗೊತ್ತಿರಲಿಲ್ಲ. ಟಿಕೆಟ್ ಬೇರೆ, ಸೀಟು ಬೇರೆ. ಇಲ್ಲಿ ಮಾಮೂಲಿ ರೈಲಿಗೆ ಟಿಕೆಟ್ ಇದ್ದರೆ ಸಾಕು, ಹತ್ತಿ ಕೂರಬಹುದು. ಗ್ಲೇಸಿಯರ್ ಎಕ್ಸ್‌ಪ್ರೆಸ್‌ಗೆ ಸೀಟು ಕಾದಿರಿಸಲೇಬೇಕು, ಅದಕ್ಕೆ ದುಡ್ಡೂ ಬೇರೆ. ನಾನು ಬರೀ ಟಿಕೆಟ್ ಹಿಡಿದುಕೊಂಡು ಅವರಿಬ್ಬರನ್ನೂ ಬೆಳಗ್ಗೆ ಎಬ್ಬಿಸಿ ಪ್ಲಾಟ್‌ಫಾರ್ಮಿಗೆ ಕರೆದುಕೊಂಡು ಹೋಗಿದ್ದೆ. ಅಮ್ಮನ ಕೈಯಲ್ಲಿ ಚಪಾತಿ ಚಟ್ನಿಪುಡಿಯ ಡಬ್ಬಿ. ರೈಲು ನಮ್ಮನ್ನು ಬಿಟ್ಟು ಹೊರಟಿತು. 'ಇರಲಿ ಬಿಡೋ, ನಾಳೆ ಹೋದರಾಯ್ತು' ಅಂದರು ಅಪ್ಪ. ಅವರು ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ.

ಎರಡು ದಿನ ಬಿಟ್ಟು ಸೀಟು ಸಿಕ್ಕಿತು. ನೋಟದ ಬಗ್ಗೆ ಹೇಳುವುದೇ ಬೇಡ. ಒಬೆರಾಲ್ಪ್ ಕಣಿವೆ ದಾರಿ 2,033 ಮೀಟರ್ ಎತ್ತರದಲ್ಲಿದೆ. ಲಾಂಡ್‌ವಾಸರ್ ಸೇತುವೆ 65 ಮೀಟರ್ ಎತ್ತರ; ಬಾಗಿಕೊಂಡು ಹೋಗಿ ನೇರವಾಗಿ ಬಂಡೆಯೊಳಗಿನ ಸುರಂಗಕ್ಕೇ ನುಗ್ಗುತ್ತದೆ. ಆದರೆ ಗ್ಲೇಸಿಯರ್ ಅಂದರೆ ಹಿಮನದಿ ಅಲ್ಲವೇ, ಅಮ್ಮ ಮಧ್ಯಾಹ್ನದ ಹೊತ್ತಿಗೆ ಕೇಳಿದರು, 'ಹಿಮನದಿ ಎಲ್ಲೋ?' ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ತಿಳಿಯಿತು. 1930ರಲ್ಲಿ ಈ ರೈಲು ಶುರುವಾದಾಗ ಫುರ್ಕಾ ಘಟ್ಟ ಹತ್ತಿ, ರೋನ್ ಹಿಮನದಿಯ ಎದುರಿಗೇ ಹಾದು ಹೋಗುತ್ತಿತ್ತು. ಚಳಿಗಾಲದಲ್ಲಿ ಆ ದಾರಿ ಹಿಮದಲ್ಲಿ ಮುಚ್ಚಿಹೋಗುತ್ತಿತ್ತು. 1982ರಲ್ಲಿ ಬುಡದಲ್ಲಿ 15 ಕಿ.ಮೀ.ಗೂ ಉದ್ದದ ಸುರಂಗ ಬಂತು. ಅಲ್ಲಿಂದ ಚಳಿಗಾಲದಲ್ಲೂ ಓಡಾಟ ಸಾಧ್ಯವಾಯಿತು, ಹಿಮನದಿ ಮಾತ್ರ ಕಣ್ಣಿಂದ ಮರೆಯಾಯಿತು. ಹೆಸರು ಹಾಗೇ ಉಳಿದಿದೆ.

ಅಪ್ಪ ಕೇಳಿದ್ದು ಬೇರೆ. ನಾವು ಸಕಲೇಶಪುರದವರು. ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ ಘಟ್ಟದ ದಾರಿಯಲ್ಲಿ 57 ಸುರಂಗ. ಅಪ್ಪ ಮೀಟರ್ ಗೇಜ್ ಕಾಲದಿಂದಲೂ ಆ ದಾರಿಯಲ್ಲಿ ಕಿಟಕಿಗೆ ಮುಖ ಕೊಟ್ಟು, ಕೂದಲಲ್ಲಿ ಕಾಡಿನ ತೇವ ಹಚ್ಚಿಕೊಂಡು ಬಂದವರು. ಇಲ್ಲಿ ಹಳಿ ನೋಡಿದ ಕೂಡಲೇ 'ಇದೂ ಮೀಟರ್ ಗೇಜೇ ಅಲ್ವಾ?' ಅಂದಿದ್ದರು. ಹೌದು, ಮೀಟರ್ ಗೇಜೇ. ಆ ಖುಷಿಯಲ್ಲೇ ಕೂತು, ದೊಡ್ಡ ಗಾಜಿನ ಅಂಚಿನ ಉದ್ದಕ್ಕೂ ಬೆರಳಾಡಿಸಿದರು. ಚಿಲಕ ಹುಡುಕುತ್ತಿದ್ದರು. ಪನೋರಮಾ ಬೋಗಿಯ ಕಿಟಕಿ ತೆರೆಯುವುದಿಲ್ಲ ಅಂತ ನಾನು ಹೇಳಿದೆ. ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಅದೇ ಹಳಿಯ ಮೇಲೆ ಮಾಮೂಲಿ ಕೆಂಪು ರೈಲುಗಳೂ ಓಡುತ್ತವೆ. ಆಂಡರ್‌ಮಾಟ್, ಡಿಸೆಂಟಿಸ್ ಹೀಗೆ ಅಲ್ಲಲ್ಲಿ ಇಳಿದು ಹತ್ತಬೇಕು, ಅಷ್ಟೇ. ಇದನ್ನು ಆಗ ಯಾರಾದರೂ ಹೇಳಿದ್ದರೆ!

ಕಾಗದಪತ್ರದ ಕೆಲಸ ಜಾಸ್ತಿ ಇಲ್ಲ: ಬಂದ ವಾರವೇ ಅರ್ಧ ದರದ ಹಾಲ್ಬ್‌ಟಾಕ್ಸ್ ಕಾರ್ಡ್, ಆರು ದಾಟಿದ ಮಕ್ಕಳಿಗೆ ಜೂನಿಯರ್ ಕಾರ್ಡ್ ಮಾಡಿಸಿ. ಸೀಟು ಕಾದಿರಿಸುವ ದುಡ್ಡಿಗೆ ಅರ್ಧ ದರ ಇಲ್ಲ.

ಮಕ್ಕಳ ಮಾತು ಬಂತು ನೋಡಿ. ನನ್ನ ಮಗಳಿಗೆ ರೈಲು ಅಂದರೆ ನಿಮಿಷ. 'ಮೂವತ್ತೆರಡರದು ಹೋಯ್ತು, ಇನ್ನು ಎರಡರದು' ಅನ್ನುತ್ತಾಳೆ. ಸ್ಟೇಷನ್ನಿಗೆ ಬಿಡಲು ಹತ್ತು ಜನ ಬರುವುದು, ಕಿಟಕಿ ಸರಳಿನ ಸಂದಿಯಿಂದ ಕೈಗೆ ನೋಟು ತುರುಕುವುದು, ರೈಲಿನ ಜೊತೆ ನಾಲ್ಕು ಹೆಜ್ಜೆ ನಡೆಯುವುದು ಅವಳಿಗೆ ಗೊತ್ತಿಲ್ಲ. ಇಲ್ಲಿ ರೈಲು ನಿಲ್ಲುವುದೇ ಒಂದೆರಡು ನಿಮಿಷ, ಅಷ್ಟರಲ್ಲಿ ಅಳುವುದಕ್ಕೂ ಹೊತ್ತಿಲ್ಲ. ಅವಳದು ತಪ್ಪಲ್ಲ. ಆದರೂ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಹೋದ ವರ್ಷ ಅಮ್ಮ ಒಬ್ಬರೇ ಬಂದರು. ಅಪ್ಪ ಈಗ ಇಲ್ಲ. ಈ ಸಲ ಬರ್ನಿನಾ ದಾರಿ ಆರಿಸಿಕೊಂಡೆ. ಬರ್ನಿನಾ ಎಕ್ಸ್‌ಪ್ರೆಸ್ ಅಲ್ಲ, ಅದೇ ಹಳಿಯ ಮೇಲೆ ಸೇಂಟ್ ಮೊರಿಟ್ಸ್‌ನಿಂದ ಇಟಲಿಯ ತಿರಾನೊಗೆ ಹೋಗುವ ಮಾಮೂಲಿ ರೈಲು. ಸೀಟು ಕಾದಿರಿಸಬೇಕಿಲ್ಲ. ಸುಮಾರು ಎರಡೂವರೆ ಗಂಟೆ. ಹಲ್ಲುಚಕ್ರ ಕಚ್ಚಿ ಹತ್ತುವ ಹಲ್ಲಿನ ಹಳಿಯ ಸಹಾಯವಿಲ್ಲದೆ ನೂರಕ್ಕೆ ಏಳರ ಏರು ಹತ್ತಿ 2,253 ಮೀಟರ್ ಮುಟ್ಟುತ್ತದೆ. ಅಲ್ಲಿ ಅಕ್ಕಪಕ್ಕ ಎರಡು ಕೆರೆ. ಕಪ್ಪು ಕೆರೆ ಲೇ ನೈರ್‌ನ ನೀರು ಇನ್ ನದಿ, ಡ್ಯಾನ್ಯೂಬ್ ನದಿ ಸೇರಿ ಕಪ್ಪು ಸಮುದ್ರಕ್ಕೆ. ಬಿಳಿ ಕೆರೆ ಲಾಗೊ ಬಿಯಾಂಕೊದ್ದು ಇಟಲಿಯ ಕಡೆ ಇಳಿದು ಏಡ್ರಿಯಾಟಿಕ್ ಸಮುದ್ರಕ್ಕೆ. ಅಮ್ಮ ತಕ್ಷಣ ಮೊಮ್ಮಗಳಿಗೆ ಹೇಳಿದರು: 'ನಮ್ಮ ಬಿಸಿಲೆ ಹತ್ರ ಮಂಕನಹಳ್ಳಿಲೂ ಹೀಗೇ ಪುಟ್ಟಿ. ಈ ಕಡೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಆ ಕಡೆದು ಅರಬ್ಬಿ ಸಮುದ್ರಕ್ಕೆ. ಅಜ್ಜ ನಂಗೆ ತೋರಿಸಿದ್ರು.' ಮಗಳು ಮೊಬೈಲ್ ಕೆಳಗಿಟ್ಟು ಕೇಳಿದಳು.

ನಾವು ಕೂತ ಹಳೆಯ ಬೋಗಿಯ ಕಿಟಕಿ ಇಳಿಯುತ್ತಿತ್ತು. ಆಲ್ಪ್ ಗ್ರೂಮ್ ಸ್ಟೇಷನ್ನಿನಲ್ಲಿ ಅಮ್ಮ ಎರಡೂ ಕೈಯಲ್ಲಿ ಹಿಡಿ ಹಿಡಿದು ಗಾಜನ್ನು ಕೆಳಗೆ ಎಳೆದರು. ಎದುರಿಗೆ ಪಾಲ್ಯು ಹಿಮನದಿ. ತಣ್ಣನೆ ಗಾಳಿ ಒಳಗೆ ನುಗ್ಗಿ ಸೆರಗು ಮುಖಕ್ಕೆ ಬಡಿಯಿತು. 'ಅವರು ಇರಬೇಕಿತ್ತು' ಅಂದರು.

ನಿಮ್ಮ ಮನೆಯ ಹಿರಿಯರು ಈ ಬೇಸಿಗೆಗೆ ಬರುವುದಾದರೆ ಮುಂದಿನ ವರ್ಷಕ್ಕೆ ಅಂತ ಇಟ್ಟುಕೊಳ್ಳಬೇಡಿ. ಸೇಂಟ್ ಮೊರಿಟ್ಸ್‌ನಲ್ಲಿ ತಿರಾನೊದ ಮಾಮೂಲಿ ರೈಲು ಹತ್ತಿ. ಬೋಗಿಗಳ ಉದ್ದಕ್ಕೂ ನಡೆದು ಕಿಟಕಿ ಇಳಿಯುವ ಬೋಗಿ ಯಾವುದು ಅಂತ ನೋಡಿ. ಅವರನ್ನು ಬಲಗಡೆ ಕೂರಿಸಿ.