ಹಕ್ಕಿ ಫೋಟೊಗಳ ರಾಶಿಯಲ್ಲಿ ಇಟ್ಟುಕೊಳ್ಳುವುದು ಯಾವುದು, ಅಳಿಸುವುದು ಯಾವುದು?

ರಂಗನತಿಟ್ಟಿನಲ್ಲಿ ದೋಣಿ ಹತ್ತಿ ಒಂದು ಸುತ್ತು ಬಂದರೆ ಸಾಕು, ಕ್ಯಾಮೆರಾ ಕಾರ್ಡಿನಲ್ಲಿ ನೂರಾರು ಫೋಟೊ ಸೇರಿರುತ್ತವೆ. ಈಗ ಸಾಧಾರಣ ಕ್ಯಾಮೆರಾ ಕೂಡ ಸೆಕೆಂಡಿಗೆ 10 ಫೋಟೊ ತೆಗೆಯುತ್ತದೆ. ಬಣ್ಣದ ಕೊಕ್ಕರೆ ಕಡ್ಡಿ ಕಚ್ಚಿಕೊಂಡು ಗೂಡಿಗೆ ಇಳಿಯುವಾಗ ಬಟನ್ ಮೇಲಿಂದ ಬೆರಳು ತೆಗೆಯಲು ಯಾರಿಗೆ ಮನಸ್ಸು ಬರುತ್ತದೆ? 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) ಸುಮಾರು 25 ಎಂಬಿ ಇರುತ್ತದೆ. ಅಂದರೆ ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಒಂದು ಜಿಬಿ.

ಇನ್ನೊಂದು ಹಾರ್ಡ್ ಡಿಸ್ಕ್ ತಗೊಂಡರಾಯ್ತಲ್ಲ, ಅಳಿಸೋದು ಯಾಕೆ ಅಂತ ಗೆಳೆಯರು ಕೇಳುತ್ತಾರೆ. ಜಾಗ ಸಿಗುತ್ತದೆ, ನಿಜ. ಆದರೆ ಬೇಕಾದ ಫೋಟೊ ಬೇಕಾದ ದಿನ ಕೈಗೆ ಸಿಗಬೇಕಲ್ವಾ? ಒಂದೇ ಕೊಕ್ಕರೆಯ ನಲವತ್ತು ಫೋಟೊಗಳ ನಡುವೆ ಒಂದು ಅಪರೂಪದ ಫೋಟೊ ಕೂತಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಹಾಗಾಗಿ ಪ್ರತಿ ಫೋಟೊ ಎದುರಿಗೂ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಬೇರೆ ಯಾವ ಫೋಟೊದಲ್ಲೂ ಇಲ್ಲದ ಯಾವ ವಿಷಯ ಇದರಲ್ಲಿದೆ? ಚೆನ್ನಾಗಿದೆಯಾ ಇಲ್ಲವಾ ಅನ್ನುವುದು ಆಮೇಲಿನ ಮಾತು.

ಕ್ಯಾಮೆರಾದಲ್ಲೇ ಏನನ್ನೂ ಅಳಿಸುವುದಿಲ್ಲ. ಆ ಪುಟ್ಟ ಪರದೆಯಲ್ಲಿ, ಅದೂ ಬಿಸಿಲಲ್ಲಿ, ಫೋಕಸ್ ಸರಿ ಇದೆಯಾ ಅಂತ ತಿಳಿಯುವುದೇ ಕಷ್ಟ. ಜೊತೆಗೆ, ಫೋಟೊ ಅಳಿಸುತ್ತಾ ತಲೆ ಬಗ್ಗಿಸಿ ಕೂತರೆ ಎದುರಿಗಿರುವ ಹಕ್ಕಿ ತಪ್ಪಿಹೋಗುತ್ತದೆ. ಮನೆಗೆ ಬಂದ ಮೇಲೆ ಕಾರ್ಡಿನಲ್ಲಿರುವುದನ್ನೆಲ್ಲ ಎರಡು ಡಿಸ್ಕಿಗೆ ಕಾಪಿ ಮಾಡುತ್ತೇನೆ. ಆಯ್ಕೆ ಕೆಲಸ ಮುಗಿಯುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡುವುದಿಲ್ಲ.

ಮೊದಲ ಸುತ್ತು ಬೇಗ ಮುಗಿಯುತ್ತದೆ. ಫೋಟೊ ಆರಿಸಲು, ತಿದ್ದಲು ನಾನು ಲೈಟ್‌ರೂಮ್ ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ. ಅದರಲ್ಲಿ ‘ಎಕ್ಸ್’ ಕೀ ಒತ್ತಿದರೆ ಬೇಡವಾದದ್ದು, ‘ಪಿ’ ಒತ್ತಿದರೆ ಬೇಕಾದದ್ದು ಅಂತ ಗುರುತು ಬೀಳುತ್ತದೆ. ಫೈಲ್ ಮಾತ್ರ ಇದ್ದಲ್ಲೇ ಇರುತ್ತದೆ. ದುಡ್ಡು ಕೊಡಲು ಇಷ್ಟವಿಲ್ಲದವರು ಡಾರ್ಕ್‌ಟೇಬಲ್ ಬಳಸಬಹುದು, ಅದು ಉಚಿತ. ಈ ಸುತ್ತಿನಲ್ಲಿ ಬರೀ ಕೆಟ್ಟದ್ದನ್ನು ಹುಡುಕುತ್ತೇನೆ. ಪೂರ್ತಿ ಮಸುಕಾದದ್ದು, ಖಾಲಿ ಆಕಾಶ, ಬಾಲ ಮಾತ್ರ ಉಳಿದ ರಿವರ್ ಟರ್ನ್ ಹಕ್ಕಿ.

ಎರಡನೇ ಸುತ್ತಿಗೇ ಜಾಸ್ತಿ ಹೊತ್ತು ಬೇಕು. ಒಂದೇ ಕ್ಷಣದ ಹತ್ತು ಹನ್ನೆರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಮೊದಲು ಕಣ್ಣು. ಪೂರ್ತಿ ಹಿಗ್ಗಿಸಿದಾಗ ಹಕ್ಕಿಯ ಕಣ್ಣು ಚುರುಕಾಗಿ ಕಾಣಬೇಕು. ರೆಕ್ಕೆಯ ತುದಿ ಸ್ವಲ್ಪ ಮಸುಕಾಗಿದ್ದರೆ ಪರವಾಗಿಲ್ಲ. ಹಕ್ಕಿಗಳ ಕಣ್ಣಿಗೆ ಮೂರನೆಯ ರೆಪ್ಪೆ ಇದೆ, ಒಂದು ತೆಳು ಪೊರೆ. ಅದು ಅಡ್ಡ ಬಂದ ಕ್ಷಣದ ಫೋಟೊದಲ್ಲಿ ಕಣ್ಣು ಮಂಜು ಕವಿದ ಹಾಗೆ ಕಾಣುತ್ತದೆ. ಪರದೆ ಮೇಲೆ ಚಿಕ್ಕದಾಗಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಆಮೇಲೆ ರೆಕ್ಕೆ. ಪೂರ್ತಿ ಮೇಲೆತ್ತಿದ್ದು ಒಂದು, ಪೂರ್ತಿ ಕೆಳಗಿಳಿದದ್ದು ಒಂದು ಇದ್ದರೆ ಸಾಕು. ನಡುವಿನವು ಸಾಮಾನ್ಯವಾಗಿ ಹೋಗುತ್ತವೆ. ಹನ್ನೆರಡರಲ್ಲಿ ಒಂದೋ ಎರಡೋ ಉಳಿಯುತ್ತವೆ. ಹನ್ನೆರಡೂ ಚೆನ್ನಾಗಿದ್ದರೂ ಇದೇ ಲೆಕ್ಕ. ಇಲ್ಲಿ ಗಟ್ಟಿ ಮನಸ್ಸು ಬೇಕು.

ಇಷ್ಟಕ್ಕೇ ನಿಲ್ಲಿಸಿದರೆ ಅಂದದ ಫೋಟೊಗಳು ಉಳಿದು, ಮಾಹಿತಿ ಇರುವ ಫೋಟೊಗಳು ಹೋಗಿಬಿಡುತ್ತವೆ. ಅದಕ್ಕೇ ಮೂರನೇ ಸುತ್ತು. ‘ಎಕ್ಸ್’ ಗುರುತು ಬಿದ್ದವನ್ನೆಲ್ಲ ಇನ್ನೊಮ್ಮೆ ನಿಧಾನಕ್ಕೆ ನೋಡುತ್ತೇನೆ. ಚಳಿಗಾಲದಲ್ಲಿ ನಂಜನಗೂಡು ಕಡೆಯ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವುಗಳಲ್ಲಿ ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ತೊಡಿಸಿದ ಹಕ್ಕಿಗಳೂ ಕಂಡಿವೆ. ಆ ಪಟ್ಟಿ ಮೇಲಿನ ಅಕ್ಷರ, ಅಂಕಿ ಓದಲು ಬಂದರೆ ಸಾಕು, ಆ ಒಂದು ಹಕ್ಕಿ ಎಲ್ಲಿಂದ ಹೊರಟು ಎಲ್ಲಿಗೆ ಬಂತು ಅಂತ ಸಂಶೋಧಕರಿಗೆ ತಿಳಿಯುತ್ತದೆ. ಫೋಟೊ ದೂರದ್ದಾಗಿರಲಿ, ಬೆಳಕು ಕೆಟ್ಟದಾಗಿರಲಿ, ಅದು ಉಳಿಯಲೇಬೇಕು. ಗೂಡಿನ ಪಕ್ಕ ಮಂಕು ಬಣ್ಣದಲ್ಲಿ ನಿಂತ ಕೊಕ್ಕರೆ ಮರಿಯ ಫೋಟೊವೂ ಹಾಗೇ. ದೊಡ್ಡ ಹಕ್ಕಿಯ ಗುಲಾಬಿ ಗರಿ ಅದಕ್ಕಿನ್ನೂ ಬಂದಿರುವುದಿಲ್ಲ, ನೋಡಲು ಸಾಧಾರಣ. ಆದರೆ ಆ ವರ್ಷ ಆ ತಿಂಗಳು ಮರಿ ಎಷ್ಟು ಬೆಳೆದಿತ್ತು ಅಂತ ಹೇಳುವುದು ಆ ಫೋಟೊ ಮಾತ್ರ. ಇಂಥವನ್ನು ಜಾಗ, ತಾರೀಖಿನ ಸಮೇತ ಇ-ಬರ್ಡ್‌ಗೆ (ಹಕ್ಕಿ ನೋಡಿದ ವಿವರ ದಾಖಲಿಸುವ ಜಾಲತಾಣ) ಹಾಕುತ್ತೇನೆ. ಮೊಟ್ಟೆ, ಮರಿ ಇರುವ ಅಪರೂಪದ ಹಕ್ಕಿಯ ಗೂಡಾದರೆ ಜಾಗದ ವಿವರ ತೆಗೆಯದೆ ಎಲ್ಲೂ ಹಂಚುವುದಿಲ್ಲ.

ನಾನು ತುಂಬಾ ಜೋಪಾನ ಮಾಡುವುದು ಹಕ್ಕಿ ಚಿಕ್ಕದಾಗಿ ಕಾಣುವ ದೂರದ ಫೋಟೊಗಳನ್ನು. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಊರೊಳಗಿನ ಮರಗಳ ಮೇಲೇ ಗೂಡು ಕಟ್ಟುತ್ತವೆ. ಇಡೀ ಮರ ಬರುವ ಹಾಗೆ, ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ಒಂದು ಫೋಟೊ ತೆಗೆದಿಟ್ಟರೆ ಯಾವ ವರ್ಷ ಎಷ್ಟು ಗೂಡಿತ್ತು ಅಂತ ಮನೆಯಲ್ಲಿ ಕೂತು ಎಣಿಸಬಹುದು. ರಂಗನತಿಟ್ಟಿನ ದ್ವೀಪಗಳಿಗಂತೂ ಇದು ಇನ್ನೂ ಮುಖ್ಯ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ಅವು ಮುಳುಗುತ್ತವೆ, ಅಂಚಿನ ಮಣ್ಣು ಕೊಚ್ಚಿಹೋಗುತ್ತದೆ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ಈ ಜಾಗ ಒಂದು ಪ್ರವಾಹಕ್ಕೆ ಎಷ್ಟು ಬದಲಾಗುತ್ತದೆ ಅಂತ ಕೊಕ್ಕಿನ ಕ್ಲೋಸಪ್ ಹೇಳುವುದಿಲ್ಲ. ದಡ, ಬಿದಿರು, ನೀರಿನ ಮಟ್ಟ ಎಲ್ಲ ಕಾಣುವ ಫೋಟೊ ಹೇಳುತ್ತದೆ. ಪ್ರತಿ ಸಲ ಅಂಥ ಒಂದಾದರೂ ಉಳಿಯಬೇಕು ಅನ್ನುವುದು ನನ್ನ ನಿಯಮ.

ಬೆಳಗಿನ ಜಾವ ಎದ್ದು, ಗಂಟೆಗಟ್ಟಲೆ ಕಾದು ತೆಗೆದ ಫೋಟೊ ಅಳಿಸಲು ಕೈ ಬರುವುದಿಲ್ಲ. ಆದರೆ ನಾವು ಪಟ್ಟ ಕಷ್ಟ ಫೋಟೊದೊಳಗೆ ಕಾಣುವುದಿಲ್ಲವಲ್ಲ. ಅದಕ್ಕೇ ಕೊನೆಯ ತೀರ್ಮಾನವನ್ನು ಕೆಲವು ವಾರ ಮುಂದೆ ಹಾಕುತ್ತೇನೆ. ಆ ಹೊತ್ತಿಗೆ ಆಯಾಸವೂ ಖುಷಿಯೂ ಇಳಿದಿರುತ್ತದೆ. ಬೇಡ ಅನಿಸಿದರೆ ಅವತ್ತೇ ಎರಡೂ ಡಿಸ್ಕಿನಿಂದ ತೆಗೆಯುತ್ತೇನೆ.

ಉಳಿದವುಗಳಲ್ಲಿ ಎರಡು ಬಗೆ. ದೊಡ್ಡದಾಗಿ ಪ್ರಿಂಟ್ ಹಾಕಿಸಬಹುದಾದವಕ್ಕೆ ರಾ ಫೈಲ್ ಇಟ್ಟುಕೊಳ್ಳುತ್ತೇನೆ, ನೆರಳಿನ ಭಾಗವನ್ನು ತಿಳಿಯಾಗಿಸಲು ಅದರಲ್ಲಿ ಅವಕಾಶ ಜಾಸ್ತಿ. ದಾಖಲೆಗೆ ಮಾತ್ರ ಬೇಕಾದವಕ್ಕೆ ಪೂರ್ತಿ ಗಾತ್ರದ ಜೆಪೆಗ್, ಅಂದರೆ ಮಾಮೂಲಿ ಫೋಟೊ ಫೈಲ್ ಸಾಕು.

ಫೋನಿನ ಫೋಟೊಗಳಿಗೂ ಇದೇ ಪ್ರಶ್ನೆ. ಗೂಗಲ್ ಫೋಟೋಸ್‌ನ ಅಳತೆಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಈಗ ಜಿಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ. ಒಂದು ಎಚ್ಚರಿಕೆ: ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಹಾಗೆ ಕಳಿಸಿದ ಪ್ರತಿ ಇದೆ ಅಂತ ಮೂಲ ಫೋಟೊ ಅಳಿಸಬೇಡಿ. ಆ ಪ್ರತಿ ಕುಗ್ಗಿರುತ್ತದೆ, ಫೋಟೊ ತೆಗೆದ ಸಮಯ, ಜಾಗದ ವಿವರವೂ ಅದರಲ್ಲಿ ಉಳಿದಿರುವುದಿಲ್ಲ.

ಮಳೆಗಾಲದಲ್ಲಿ ಹೊಳೆ ತುಂಬಿ ದೋಣಿ ನಿಂತಾಗ ಹಳೆಯ ಫೋಲ್ಡರ್‌ಗಳನ್ನು ತೆರೆಯುತ್ತೇನೆ. ಹಿಂದೆ ಉಳಿಸಿದ್ದರಲ್ಲಿ ಇನ್ನಷ್ಟು ಆಗ ಹೋಗುತ್ತವೆ. ಅದಕ್ಕಿಂತ ಚೆನ್ನಾಗಿರುವುದು ಈಗ ಇದ್ದರೆ ಹಳೆಯದೇಕೆ? ದಡದ ಫೋಟೊಗಳನ್ನು ಮಾತ್ರ ಮುಟ್ಟುವುದಿಲ್ಲ. ಅವುಗಳ ಹೆಸರಿನಲ್ಲೇ ವರ್ಷ, ತಿಂಗಳು, ಯಾವ ದಿಕ್ಕಿಗೆ ನಿಂತು ತೆಗೆದದ್ದು ಅಂತ ಬರೆದಿಡುತ್ತೇನೆ. ನಾಳೆ ಬೇರೆ ಯಾರಾದರೂ ನೋಡಿದರೂ ಅರ್ಥವಾಗಬೇಕು.